ಒಂದೇ ರೈಫಲ್ ಕೊಳ್ಳುವುದಾದರೆ .22 ಸಾಕು

ಮಾನ್ಯರೇ,

ಆಯುಧ ಪೂಜಿಸುವ ಕೈಲ್‌ಮುಹೂರ್ತ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಹತ್ತಿರವಾದಂತೆ ಕೊಡಗಿನಲ್ಲಿ ಹೊಸ ರೈಫಲ್ ಕೊಳ್ಳುವ ಮಾತು ಏಳುತ್ತದೆ. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಕೊಡುವ ವಿನಾಯಿತಿ ಪತ್ರ ಇರುವವರ ಮಾತು ಬೇರೆ. ಪರವಾನಗಿ ಪಡೆಯಬೇಕಾದ ನಮ್ಮಂಥವರು 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ಕೊಳ್ಳುವ ಒಂದೊಂದೂ ಹಲವು ಕೆಲಸಕ್ಕೆ ಒದಗಬೇಕು.

ದೊಡ್ಡ ಗುಂಡಿನ .315 ರೈಫಲ್ಲಿನ ಗತ್ತಿಗೆ ಮಾರುಹೋಗುವವರು ಬಹಳ (.22, .315 ಎಂಬುವು ಇಂಚಿನಲ್ಲಿ ನಳಿಕೆಯ ಒಳ ಅಗಲದ ಸುಮಾರು ಅಳತೆ). ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧವಾಗಿರುವಾಗ ಅದು ಗೋಡೆಯ ಅಲಂಕಾರಕ್ಕಷ್ಟೇ ಸರಿ ಎಂಬುದು ನನ್ನ ಅಭಿಪ್ರಾಯ. ಸಾಧಾರಣ ಬೆಲೆಯ ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳುವ) .22 ರೈಫಲ್ಲಿಗೆ ತೋಟೆ ಅಗ್ಗ, ಹಿನ್ನೊದೆತ ಇಲ್ಲವೆಂದರೂ ನಡೆದೀತು, ಸ್ಪರ್ಧೆಗೂ ಅಭ್ಯಾಸಕ್ಕೂ ಅದೇ ಸಾಕು. ಮನೆಯ ಹೆಂಗಸರೂ ಕಾನೂನಿನ ಚೌಕಟ್ಟಿನೊಳಗೆ ಅದರಲ್ಲೇ ಕಲಿಯಬಹುದು.

ಕೊಳ್ಳುವ ಮುನ್ನ, ತೋಟೆ ತುಂಬಿಲ್ಲವೆಂದು ಖಚಿತಪಡಿಸಿಕೊಂಡು, ರೈಫಲ್ಲಿನ ಹಿಂತುದಿಯಾದ ಬಟ್ಟನ್ನು ಹೆಗಲಿಗೆ ಒತ್ತಿ ನಿಲ್ಲಬೇಕು: ಕತ್ತು ಚಾಚದೆ ಕೆನ್ನೆ ಮರಕ್ಕೆ ತಾಗಿ, ಕಣ್ಣು ತಾನಾಗಿ ಗುರಿ ನೋಡುವ ಸೈಟಿನ ನೇರಕ್ಕೆ ಬಂದರೆ ಅಳತೆ ಸರಿಯಿದೆ. ಟ್ರಿಗರ್ ಎಳೆಯುವಾಗ ತೊಡಕಬಾರದು. ನಳಿಕೆಯ ಒಳಗೆ ಬೆಳಕಿಗೆ ಹಿಡಿದು ನೋಡಿ. ನಮ್ಮ ಮಳೆಗಾಲಕ್ಕೆ ತುಕ್ಕು ಬಲು ಬೇಗ. ಉಳಿಸಿದ ಹಣದಲ್ಲಿ ರೈಫಲ್ಲಿಗೆ ಕೂರಿಸುವ ದೂರದರ್ಶಕಕ್ಕಿಂತ ಮೊದಲು ಗಟ್ಟಿ ಬೀಗದ ಪೆಟ್ಟಿಗೆ ಕೊಳ್ಳಲಿ. ಚಿಕ್ಕದೆಂದು ಕಾಣುವ .22 ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದಾದ್ದರಿಂದ, ಸ್ಪರ್ಧೆಯ ಆಯೋಜಕರು ಗುರಿಯ ಹಿಂದೆ ಮಣ್ಣಿನ ದಿಬ್ಬವಿರುವ ಜಾಗವನ್ನೇ ಆರಿಸಬೇಕೆಂದು ವಿನಂತಿ.

– ಕಾಫಿ ಬೆಳೆಗಾರ, ಮಡಿಕೇರಿ ತಾಲ್ಲೂಕು