ಆದಿತ್ಯವಾರದ ಮೀಟಿಂಗ್ ವಿಷಯ
ಎಲ್ಲರ ಗಮನಕ್ಕೆ, ಆದಿತ್ಯವಾರ ಸಂಜೆ 4ಕ್ಕೆ ಬದಿಯಡ್ಕದಲ್ಲಿ ಸೇರುವ. ಈ ಸಲ ಥರ್ಟಿ ಮೀಟರ್ ಟೆಲಿಸ್ಕೋಪ್, ಅದರ ದೊಡ್ಡ ಕನ್ನಡಿ ಒಂದೇ ಅಲ್ಲ ಮಾರಾಯ್ರೆ, 492 ತುಂಡು, ಅದನ್ನೆಲ್ಲ ಹೊಂದಿಸಿ ಕೂರಿಸುವ ವ್ಯವಸ್ಥೆ ಸರಿ ಉಂಟಾ ಅಂತ ಕಟ್ಟುವ ಮೊದಲೇ ಕಂಪ್ಯೂಟರಲ್ಲಿ ಸಿಸ್‌ಎಂಎಲ್ (ಒಂದು ವ್ಯವಸ್ಥೆಯ ಭಾಗ, ಕೆಲಸ ಎಲ್ಲ ಚಿತ್ರದ ಹಾಗೆ ಬರೆದಿಡುವ ಭಾಷೆ) ಮಾಡೆಲ್ ಮಾಡಿ ಓಡಿಸಿ ನೋಡ್ತಾರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಕರೆಂಟು, ಹೇಳಿದ ಲಿಮಿಟಿನ ಒಳಗೆ ಬರ್ತದಾ ಅಂತ. ಹಬಲ್ ಬಾಹ್ಯಾಕಾಶ ಟೆಲಿಸ್ಕೋಪಿನ ಕತೆ ಗೊತ್ತುಂಟಲ್ಲ, ಕನ್ನಡಿ ಪರೀಕ್ಷೆ ಮಾಡುವ ಉಪಕರಣದಲ್ಲೇ 1.3 ಮಿಲಿಮೀಟರ್ ವ್ಯತ್ಯಾಸ, 1990ರಲ್ಲಿ ಮೇಲೆ ಹೋದ ಮೇಲೆಯೇ ಗೊತ್ತಾದದ್ದು. ಮಾಡೆಲ್ ಇದ್ರೆ ಎಲ್ಲ ತಪ್ಪೂ ಸಿಗ್ತದೆ ಅಂತಲ್ಲ, ಕೊಟ್ಟ ಲೆಕ್ಕವೇ ತಪ್ಪಿದ್ರೆ ಅದೂ ತಪ್ಪೇ ಹೇಳ್ತದೆ, ಇದರ ಬಗ್ಗೆಯೇ ಜಾಸ್ತಿ ಮಾತಾಡುವ. ಪ್ರೊಜೆಕ್ಟರ್ ಯಾರ ಹತ್ರ ಉಂಟು, ಬೇಗ ಹೇಳಿ. ಗುಡ್ ಮಾರ್ನಿಂಗ್ ಫೋಟೋ ಮಾತ್ರ ದಯವಿಟ್ಟು ಬೇಡ.