ಬಡಿಸುವವಳು ನಮ್ಮವಳಾದರೆ

ಪ್ರೀತಿಯ ತಂಗೆವ್ವನಿಗೆ,

ಕಾಕಾನ ಆಶೀರ್ವಾದ. ಭಾನುವಾರ ಬಾಸ್ಕೆಟ್‌ಬಾಲ್ ಮ್ಯಾಚ್ ಮುಗಿದ ಮೇಲೆ ನಿನ್ನ ಮುಖ ನೋಡಿ ಮಾತಾಡಿಸಲು ಧೈರ್ಯ ಬರಲಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಚಿಗರಿ ಬಸ್ಸು ಹತ್ತಿ ಸುಮ್ನೆ ಧಾರವಾಡಕ್ಕೆ ಬಂದುಬಿಟ್ಟೆ. ಆದರೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲಿ ಕೂತಿದೆ. "ಕಾಕಾ, ಟೀಮಿನ 46ರಾಗ 28 ನಾನ ಹಾಕೇನಿ. ಆದ್ರೂ ಸೋತಿದ್ದು ನನ್ನಿಂದ ಅಂತಾರ. ಪಾಯಿಂಟ್ ಗಾರ್ಡ್ ಆದಾಕಿ ಸ್ಕೋರ್ ಮಾಡೂದು ತಪ್ಪೇನು?"

ಫೋನಿನಲ್ಲಿ ಉತ್ತರ ಕೊಟ್ಟರೆ ನೀನು ನಡುವೆ ಬಾಯಿ ಹಾಕುತ್ತೀ. ಅದಕ್ಕೇ ಈ ಪತ್ರ.

ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಲ್ ತಂದು ಆಟ ಕಟ್ಟುವ ಪಾಯಿಂಟ್ ಗಾರ್ಡ್‌ಗೆ ಪಾಸ್ ಕೊಡುವುದೊಂದೇ ಕೆಲಸ ಅನ್ನುವವರು ಹಳೇ ಕಾಲದವರು, ನನಗಿಂತ ಹಳಬರು. ರಿಂಗಿನ ಕಡೆ ನೋಡದ ಗಾರ್ಡ್‌ಗೆ ಯಾರು ಹೆದರುತ್ತಾರೆ? ಅವಳ ಡಿಫೆಂಡರ್ ನಾಲ್ಕು ಹೆಜ್ಜೆ ಹಿಂದೆ ಸರಿದು, ರಿಂಗಿನ ಕೆಳಗೆ ದಾರಿ ಕಟ್ಟಿಕೊಂಡು ನಿಂತುಬಿಡುತ್ತಾಳೆ. ಅಲ್ಲಿಗೆ ನಿಮ್ಮ ಐದು ಜನ ನಾಲ್ಕೇ ಆದ ಹಾಗೆ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಜಾನ್ ಸ್ಟಾಕ್ಟನ್ ಅನ್ನೋ ಗಾರ್ಡ್ 15,806 ಅಸಿಸ್ಟ್, ಅಂದರೆ ಸ್ಕೋರ್ ಆಗುವಂಥ ಪಾಸ್, ಕೊಟ್ಟ. ಆ ದಾಖಲೆಯ ಹತ್ತಿರಕ್ಕೂ ಯಾರೂ ಬಂದಿಲ್ಲ. ಆದರೂ ಅವನ ಕೈಗೆ ಒಂದು ಚಾಂಪಿಯನ್‌ಶಿಪ್ಪೂ ಬರಲಿಲ್ಲ. 1997 ಮತ್ತು 1998ರಲ್ಲಿ ಫೈನಲ್‌ವರೆಗೆ ಹೋಗಿ ಎರಡೂ ಸಲ ಶಿಕಾಗೋ ಎದುರು ಸೋತ. ಎದುರಿಗೆ ಮೈಕಲ್ ಜೋರ್ಡನ್‌ನಂಥ ಆಟಗಾರ ಇದ್ದ ಅನ್ನು, ಅದು ಬೇರೆ ಮಾತು. ಆದರೆ ಪಾಸ್ ಜಾಸ್ತಿ ಕೊಟ್ಟವರೇ ಗೆಲ್ಲುತ್ತಾರೆ ಅನ್ನೋ ಲೆಕ್ಕ ಎಲ್ಲಿಯೂ ಇಲ್ಲ.

ಇನ್ನೊಂದು ಕಡೆ ಸ್ಟೀಫನ್ ಕರಿಯನ್ನು ನೋಡು. 2015–16ರ ಒಂದೇ ಸೀಸನ್‌ನಲ್ಲಿ 402 ತ್ರೀ, ಅಂದರೆ ದೂರದಿಂದ ಎಸೆಯುವ ಮೂರು ಪಾಯಿಂಟಿನ ಬಾಲ್, ಹಾಕಿದ. ನಿನಗಿಂತ ಜಾಸ್ತಿ ಬಾಲ್ ಎಸೆಯುವ ಚಟ ಅವನಿಗೆ! ಆದರೂ ನಾಲ್ಕು ಸಲ ಚಾಂಪಿಯನ್. ಅವನಿಗೆ ಹೆದರಿ ಇಬ್ಬರು ಮೇಲೆ ಬೀಳುತ್ತಾರೆ. ಆ ಕ್ಷಣಕ್ಕೇ ಬಾಲ್ ಜೊತೆಗಾರ ಡ್ರೇಮಂಡ್ ಗ್ರೀನ್ ಕೈಗೆ ಹೋಗಿರುತ್ತದೆ. ಅಲ್ಲಿಂದ ಮುಂದೆ ನಾಲ್ವರಿಗೆ ಮೂವರು. ಹಾಗೆ ಆಡಿದರೆ ಗಾರ್ಡ್ ಎಸೆಯುವ ಒಂದೊಂದು ಬಾಲೂ ಉಳಿದವರಿಗೆ ಜಾಗ ಮಾಡಿಕೊಡುತ್ತದೆ.

ಹಾಗಾದರೆ ಭಾನುವಾರ ಆಗಿದ್ದೇನು? ನಾನು ನಿನ್ನ ಪಾಯಿಂಟ್ ಎಣಿಸಲಿಲ್ಲ ತಂಗೆವ್ವಾ. ನಿಮ್ಮ 11ನೇ ನಂಬರಿನ ಎತ್ತರದ ಹುಡುಗಿಯ ಕಾಲು ನೋಡುತ್ತಾ ಕೂತಿದ್ದೆ. ಮೊದಲ ಕ್ವಾರ್ಟರಿನಲ್ಲಿ ಬಾಲ್ ನಿಮಗೆ ಸಿಕ್ಕಿದ ಕೂಡಲೇ ಆಕೆ ಓಡುತ್ತಿದ್ದಳು. ಕೈ ಎತ್ತಿ ಓಡುತ್ತಿದ್ದಳು. ನೀನು ಒಳಗೆ ನುಗ್ಗಿದಾಗ ಇಬ್ಬರು ನಿನ್ನ ಮೇಲೆ ಬಂದರು, ಆಕೆ ರಿಂಗಿನ ಕೆಳಗೆ ಒಬ್ಬಳೇ ನಿಂತಿದ್ದಳು. ನಾಲ್ಕು ಸಲ ಹಾಗಾಯಿತು. ನಾಲ್ಕೂ ಸಲ ನೀನೇ ಎಸೆದೆ. ಎರಡು ಬಿತ್ತು, ಚಪ್ಪಾಳೆಯೂ ಬಿತ್ತು. ನಾನೂ ತಟ್ಟಿದೆ, ಸುಳ್ಳು ಯಾಕೆ.

ಮೂರನೇ ಕ್ವಾರ್ಟರಿಗೆ ಆಕೆ ಓಡುವುದು ಬಿಟ್ಟಿದ್ದಳು. ಅರ್ಧ ಗೆರೆ ದಾಟಿ ನಡೆದುಕೊಂಡು ಬರುತ್ತಿದ್ದಳು. ಕಾರ್ನರಿನ ಹುಡುಗಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ನೀನು ಮಿಸ್ ಮಾಡಿದ ಬಾಲಿಗೆ ರೀಬೌಂಡ್ ಹೋಗುವವರಿಲ್ಲ. ಅದಕ್ಕಿಂತ ಕೆಟ್ಟದ್ದು, ಡಿಫೆನ್ಸಿಗೆ ತಿರುಗಿ ಓಡುವವರೂ ಇಲ್ಲ. ರಿಂಗಿನ ಹತ್ತಿರದ ಸುಲಭದ ಲೇಅಪ್ ಆರು ಬಿಟ್ಟುಕೊಟ್ಟಿರಿ. ಸೋತಿದ್ದು ಐದು ಪಾಯಿಂಟಿಗೆ. ನಿನ್ನ ಸ್ಕೋರ್‌ಶೀಟಿನಲ್ಲಿ ಇದು ಯಾವುದೂ ಬರೆದಿರುವುದಿಲ್ಲ.

ನಮ್ಮ ಕಡೆ ಒಂದು ಮಾತಿದೆಯಲ್ಲ, ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಚಿಂತೆ ಇಲ್ಲ ಅಂತ. ಅದನ್ನು ಎಲ್ಲರೂ ವಶೀಲಿಗೆ ಹೇಳುತ್ತಾರೆ. ನನಗೆ ಮಾತ್ರ ಪಾಯಿಂಟ್ ಗಾರ್ಡ್ ನೆನಪಾಗುತ್ತಾನೆ. ಹೋಳಿಗೆ ನನ್ನ ಎಲೆಗೂ ಬರುತ್ತದೆ ಅಂತ ನಂಬಿಕೆ ಇದ್ದರೆ ಎಷ್ಟು ಹೊತ್ತಾದರೂ ಕಾಯುತ್ತೇವೆ. ಬರುವುದಿಲ್ಲ ಅಂತ ಗೊತ್ತಾದರೆ ಎದ್ದು ಹೋಗುತ್ತೇವೆ. ಬಡಿಸುವವಳೂ ಉಣ್ಣಬೇಕು, ಬೇಡ ಅಂದವರು ಯಾರು?

ಟೈನಿ ಆರ್ಚಿಬಾಲ್ಡ್ ಅಂತ ಒಬ್ಬನಿದ್ದ. ನಿಮ್ಮ ಕಾಲದವರಿಗೆ ಗೊತ್ತಿರಲಿಕ್ಕಿಲ್ಲ. 1972–73ರಲ್ಲಿ ಕನ್ಸಾಸ್ ಸಿಟಿ–ಒಮಾಹಾ ಕಿಂಗ್ಸ್ ಟೀಮಿಗೆ ಪ್ರತಿ ಮ್ಯಾಚಿಗೆ ಸರಾಸರಿ 34 ಪಾಯಿಂಟ್, 11ಕ್ಕೂ ಜಾಸ್ತಿ ಅಸಿಸ್ಟ್. ಎರಡರಲ್ಲೂ ಇಡೀ ಲೀಗಿಗೇ ಮೊದಲಿಗ. ಟೀಮ್ ಏನಾಯಿತು? 36 ಗೆಲುವು, 46 ಸೋಲು. ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ಅದೇ ಮನುಷ್ಯ 1981ರಲ್ಲಿ ಬಾಸ್ಟನ್ ಟೀಮಿನಲ್ಲಿದ್ದ. ಸರಾಸರಿ 14ರ ಹತ್ತಿರ ಇಳಿದಿತ್ತು. ಆ ವರ್ಷ ಚಾಂಪಿಯನ್ ಆದ. ಅಲ್ಲಿ ಪಕ್ಕದಲ್ಲಿ ಲ್ಯಾರಿ ಬರ್ಡ್ ಇದ್ದ, ಕಿಂಗ್ಸ್‌ನಲ್ಲಿ ಅಂಥವರು ಇರಲಿಲ್ಲ. ಹಾಗಾಗಿ ಮೊದಲಿನ ಸೋಲಿಗೆ ಅವನನ್ನೊಬ್ಬನನ್ನೇ ಬೈಯುವುದು ಅನ್ಯಾಯ. ಆದರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿ ತನ್ನ ಆಟ ಬದಲಿಸಿಕೊಂಡನಲ್ಲ, ಅದು ನನಗೆ ಆ 34ಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಿನ್ನ ಪಕ್ಕದಲ್ಲಿ ಯಾರಿದ್ದಾರೆ ಅಂತ ನೀನು ನೋಡಿದ್ದೀಯಾ?

ನಾನು ನೋಡಿರಲಿಲ್ಲ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ. ಕಾಲೇಜಿನಲ್ಲಿದ್ದಾಗ ನಾನೂ ಗಾರ್ಡೇ. ಧಾರವಾಡದ ಮಳೆಗೆ ಸಿಮೆಂಟ್ ಕೋರ್ಟ್ ಪಾಚಿ ಕಟ್ಟುತ್ತಿತ್ತು. ನಾವೇ ತಿಕ್ಕಿ ಆಡುತ್ತಿದ್ದೆವು. ನಮ್ಮ ಸೆಂಟರ್, ಅಂದರೆ ರಿಂಗಿನ ಕೆಳಗೆ ಆಡುವವನು, ನವಲಗುಂದ ಕಡೆಯವನು, ಆರಡಿ ಮೂರಿಂಚು. ಎರಡು ವರ್ಷ ಜೊತೆಗೆ ಆಡಿದೆವು. ಕೊನೆಯ ವರ್ಷದ ಫೈನಲ್‌ನಲ್ಲಿ ಅವನು ನಿಂತಲ್ಲೇ ನಿಂತುಬಿಟ್ಟ. ನಾನು ಕೂಗಿದೆ, ಬೈದೆ. "ನೀ ಹೆಂಗೂ ಕೊಡಾಂವಲ್ಲ, ನಾ ಯಾಕ ಓಡ್ಲಿ?" ಅಂದ. ಎಲ್ಲರ ಮುಂದೆ. ಆವತ್ತು ನನ್ನವು 22 ಪಾಯಿಂಟ್, ಸೋತೆವು. ಆ ಮೇಲೆ ನಾವಿಬ್ಬರೂ ಬಹಳ ವರ್ಷ ಮಾತಾಡಲಿಲ್ಲ.

ಹೋದ ವರ್ಷ ಗದಗಿನ ಒಂದು ಮದುವೆಯಲ್ಲಿ ಸಿಕ್ಕ. ಇಬ್ಬರಿಗೂ ಮಂಡಿನೋವು, ಮಾತು ಅಲ್ಲಿಂದಲೇ ಶುರು. ಊಟಕ್ಕೆ ಕೂತಾಗ ನಗುತ್ತಾ ಹೇಳಿದ. "ನೀ ಅಪರೂಪಕ್ಕೊಮ್ಮೆ ಬಾಲ್ ಕೊಟ್ರೂ ಎದಿಗೆ ಕೊಡ್ತಿದ್ದಿ. ನನಗ ತಲಿ ಮ್ಯಾಲೆ ಬೇಕಾಗಿತ್ತು. ಹಿಡದು ಅಲ್ಲಿಂದನ ಹಾಕತಿದ್ದೆ. ನೀ ಕೇಳಲಿಲ್ಲ, ನಾ ಹೇಳಲಿಲ್ಲ." ಎರಡು ವರ್ಷ ತಂಗೆವ್ವಾ! ಕೇಳಲು ಅರ್ಧ ನಿಮಿಷ ಸಾಕಿತ್ತು.

ನಾಳೆ ಪ್ರಾಕ್ಟೀಸ್ ಮುಗಿದ ಮೇಲೆ ಆ 11ನೇ ನಂಬರಿನ ಹುಡುಗಿಯನ್ನು ಕರೆದುಕೊಂಡು ಹೋಗಿ ಒಂದು ಪ್ಲೇಟ್ ಗಿರ್ಮಿಟ್ ಕೊಡಿಸು. ಬಾಲ್ ಎಲ್ಲಿ ಬೇಕು, ಎದೆಗೋ ತಲೆ ಮೇಲೋ, ಎಡಕ್ಕೋ ಬಲಕ್ಕೋ, ಕೇಳು. ಮುಂದಿನ ಮ್ಯಾಚಿನಲ್ಲಿ ಮೊದಲ ಮೂರ್ನಾಲ್ಕು ಸಲ ಆಕೆಗೆ ಬೇಕಾದಲ್ಲೇ ಕೊಡು. ಹಾಕಲಿ, ಬಿಡಲಿ. ಆಮೇಲೆ ನೀನು ಎಷ್ಟು ಬೇಕಾದರೂ ಎಸೆ, 30 ಹಾಕಿದರೂ ನಾನು ಬೇಡ ಅನ್ನುವುದಿಲ್ಲ.

ಶನಿವಾರ ಬರುತ್ತೇನೆ. ವೈನಿಗೆ ಹೇಳು, ಚಟ್ನಿಪುಡಿ ಡಬ್ಬಿ ಖಾಲಿಯಾಗಿದೆ, ತೊಳೆದು ತರುತ್ತೇನೆ.

ನಿನ್ನ
ಕಾಕಾ