ನಮ್ಮಣ್ಣ ‘ಗುಣಮುಖ’ನಾಗಿದ್ದು ರಿಜಿಸ್ಟರಿನಲ್ಲಿ ಮಾತ್ರ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ತಾಲೂಕು ಕೇಂದ್ರವೊಂದರಲ್ಲಿ ಬಟ್ಟೆ ಹೊಲಿದುಕೊಂಡು ಇರುವವಳು. ನಮ್ಮಣ್ಣನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ. ಒಂಬತ್ತು ವರ್ಷದಿಂದ ಸರ್ಕಾರಿ ಆಸ್ಪತ್ರೆಯ ಮಾತ್ರೆ. ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳನ್ನು ನೋಡುವ ‘ಮನೋಚೈತನ್ಯ’ದ ಮಂಗಳವಾರ ಬಂತೆಂದರೆ ನನ್ನ ಮಿಷನ್‌ಗೆ ರಜೆ. ಅದಕ್ಕೆ ಬೇಜಾರಿಲ್ಲ. ಮಾತ್ರೆ ಪುಕ್ಕಟೆ, ಡಾಕ್ಟರು ಇದ್ದ ದಿನ ಚೆನ್ನಾಗಿಯೇ ಮಾತಾಡಿಸುತ್ತಾರೆ. ಅದಕ್ಕೇ ಇಷ್ಟು ವರ್ಷ ಸುಮ್ಮನಿದ್ದೆ.

ಹೋದ ಮಳೆಗಾಲದಲ್ಲಿ ಮೂರು ಮಂಗಳವಾರ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಅಂದರು. ಕೈಯಲ್ಲಿ ದುಡ್ಡಿದ್ದಷ್ಟು ದಿನ ಹೊರಗೆ ಕೊಂಡೆ. ಅಷ್ಟರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅಣ್ಣ ‘ನನಗೇನೂ ಆಗಿಲ್ಲ’ ಅಂತ ಮಾತ್ರೆ ಬಿಟ್ಟ. ಮೂರು ತಿಂಗಳಾದ ಮೇಲೆ ಒಂದು ಬೆಳಗಿನ ಜಾವ ಎದ್ದು ಹೋದ. ಸಿಕ್ಕಿದ್ದು ಹನ್ನೊಂದನೇ ದಿನ, ಬೇರೆ ಜಿಲ್ಲೆಯ ಬಸ್ ಸ್ಟ್ಯಾಂಡಿನಲ್ಲಿ. ಕಾಲೆಲ್ಲ ಹುಣ್ಣು. ಕೈಯಲ್ಲಿ ಯಾರೋ ಕೊಟ್ಟ ಬನ್ನು. ತಿಂದಿರಲಿಲ್ಲ. ‘ಅಮ್ಮನಿಗೆ’ ಅಂದ.

ಆಸ್ಪತ್ರೆಗೆ ಕರೆದುಕೊಂಡು ಬಂದೆ. ಕೌಂಟರಿನವರು ಹಳೇ ರಿಜಿಸ್ಟರ್ ತಿರುವಿದರು. ಅಣ್ಣನ ಹೆಸರಿನ ಮುಂದೆ ‘ಗುಣಮುಖ’ ಅಂತ ಬರೆದಿತ್ತು! ಇದೇನು ಅಂದೆ. ‘ಮೂರು ತಿಂಗಳಿಂದ ಬಂದಿಲ್ವಲ್ಲಕ್ಕ, ತಿಂಗಳ ರಿಪೋರ್ಟಿಗೆ ಏನಾದ್ರೂ ಬರೀಬೇಕಲ್ಲ’ ಅಂದರು. ಆಮೇಲೆ ಹೊಸ ಪುಟದಲ್ಲಿ ಅವನನ್ನೇ ‘ಹೊಸ ರೋಗಿ’ ಮಾಡಿದರು. ಒಬ್ಬನೇ ಮನುಷ್ಯ, ವಾಸಿಯಾದವರಲ್ಲೂ ಒಬ್ಬ, ಹೊಸಬರಲ್ಲೂ ಒಬ್ಬ. ತಮ್ಮ ಮೇಜಿಗೆ ಬರುವ ಅಂಕಿ ಇಂಥದ್ದೇ ಅಲ್ವಾ ಸ್ವಾಮಿ?

ಎಷ್ಟು ಜನ ಬಂದರು ಅಂತ ಎಣಿಸುತ್ತೀರಿ. ಯಾರು ಬರುವುದು ನಿಲ್ಲಿಸಿದರು ಅಂತ ಎಣಿಸುವುದಿಲ್ಲ. ಈ ಕಾಯಿಲೆಯಲ್ಲಿ ಜಾಸ್ತಿಯಾದವನೇ ಆಸ್ಪತ್ರೆಗೆ ಬರುವುದಿಲ್ಲ. ಹಾಗಾಗಿ ಮಾತ್ರೆ ಖಾಲಿಯಾದ ಊರಲ್ಲಿ ಕಾಗದದ ಮೇಲೆ ಕಾಯಿಲೆಯೇ ಕಡಿಮೆ. ಬರದೇ ಹೋದವರ ಪಟ್ಟಿ ಮಾಡಿಸಿ. ನಾನು ಕೇಳುವುದು ಇಷ್ಟೇ.

2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದ್ದು ತಮಗೆ ಗೊತ್ತೇ ಇರುತ್ತದೆ. ದೊಡ್ಡವರಲ್ಲಿ ನೂರಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ, ಬಹುಪಾಲು ಜನಕ್ಕೆ ಚಿಕಿತ್ಸೆಯೇ ಇಲ್ಲ ಅಂತ ಹೇಳಿತು. ಅದು ನಡೆದದ್ದು 12 ರಾಜ್ಯಗಳಲ್ಲಿ. ಅದರಲ್ಲಿ ಕರ್ನಾಟಕ ಇರಲಿಲ್ಲ! ಪೂರ್ವಭಾವಿ ಪ್ರಯೋಗ ಮಾತ್ರ ಕೋಲಾರದಲ್ಲಿ. ಹಾಗಾದರೆ ನಮ್ಮ ತಾಲೂಕಿನ ಲೆಕ್ಕಕ್ಕೆ ಉಳಿಯುವುದು ಈ ರಿಜಿಸ್ಟರ್ ತಾನೇ? ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆ ಕೊಟ್ಟ ಮಾದರಿ ನೋಡಿಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತಂತೆ. ಕೇಳೋಕೆ ಹೆಮ್ಮೆ. ಈಗ ಮಾನಸಿಕ ರೋಗಿಗಳ ದಾಖಲೆ ಇಡೋಕೆ ‘ಇ-ಮಾನಸ್’ ಅಂತ ತಂತ್ರಾಂಶವೂ ಇದೆ. ನಮ್ಮ ಕೌಂಟರಿನಲ್ಲಿ ಇನ್ನೂ ಸ್ಕೇಲಿಟ್ಟು ಗೆರೆ ಎಳೆದ ಪುಸ್ತಕ.

ಆಗದ ಕೆಲಸವೇನೂ ಅಲ್ಲ. ಟಿಬಿ ರೋಗಿಗೆ ಸರ್ಕಾರದ ‘ನಿಕ್ಷಯ್’ ಅನ್ನೋ ಕಂಪ್ಯೂಟರ್ ದಾಖಲೆಯಲ್ಲಿ ಒಂದು ನಂಬರ್ ಇದೆ. ನಮ್ಮ ಬೀದಿಯ ಒಬ್ಬರು ಮಾತ್ರೆ ತಪ್ಪಿಸಿದಾಗ ಆಶಾ ಕಾರ್ಯಕರ್ತೆ ಮನೆಗೇ ಬಂದು ಬೈದು ಹೋದರು. ಬಸುರಿಗೆ ತಾಯಿ ಕಾರ್ಡ್ ಇದೆ. ನಮ್ಮಣ್ಣನಿಗೆ ಏನಿದೆ? ವರ್ಷಕ್ಕೊಂದು ಹೊಸ ಚೀಟಿ.

ಒಬ್ಬರಿಗೆ ಒಂದೇ ನಂಬರ್ ಕೊಡಿ. ಎರಡು ಸಲ ಬರದಿದ್ದರೆ ಯಾರಾದರೂ ವಿಚಾರಿಸಲಿ. ಬಾಗಿಲಲ್ಲಿ ನಿಂತು ಕೂಗಿ ಕೇಳುವುದು ಬೇಡ. ಅಕ್ಕಪಕ್ಕದವರು ಈಗಾಗಲೇ ‘ನಿದ್ದೆ ಮಾತ್ರೆ ಮನೆ’ ಅಂತಾರೆ. ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್‌ನಲ್ಲೇ ಇದೆ. ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬರದೇ ಹೋದವರ ಪಟ್ಟಿ ಮಾಡಿಸಿ ಸ್ವಾಮಿ, ಇನ್ನೊಂದು ಸಲ ಕೇಳುತ್ತಿದ್ದೇನೆ.

ಬರುವ ಮಂಗಳವಾರವೂ ನಾವು ಬರುತ್ತೇವೆ. ಬರದಿದ್ದರೆ ‘ಗುಣಮುಖ’ ಅಂತ ಬರೆಯುವ ಮೊದಲು ಒಂದು ಫೋನ್ ಮಾಡಿಸಿ. ನಂಬರ್ ಅದೇ ರಿಜಿಸ್ಟರಿನಲ್ಲಿದೆ.

ಇಂತಿ,
‘ಗುಣಮುಖ’ನಾದವನ ತಂಗಿ